ಗಿರೀಶ ಕಾಸರವಳ್ಳಿಯವರೂ ನಮ್ಮ ಮನೆಗಳೂ

ಘಟಶ್ರಾದ್ಧವೆಂಬುದು ಸತ್ತವರಿಗಾಗಿ ಮಾಡುವ ಕರ್ಮವಲ್ಲ. ಬದುಕಿರುವವರನ್ನೇ ಸತ್ತರೆಂದೆಣಿಸಿ, ಅವರ ಹೆಸರಿನಲ್ಲಿ ನೀರು ತುಂಬಿದ ಕೊಡವೊಂದನ್ನು ಉರುಳಿಸಿ, ಕುಲದಿಂದ ಹೊರಗಿಡುವ ಕರ್ಮವದು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಇದರ ವಿಧಿಯುಂಟು. ಪತಿತನಾದವನ ಸಪಿಂಡರೂ ಬಂಧುಗಳೂ ಊರ ಹೊರಗೆ, ನಿಂದ್ಯವಾದ ದಿನದ ಸಂಜೆಯಲ್ಲಿ, ಗುರುಹಿರಿಯರ ಸನ್ನಿಧಿಯಲ್ಲಿ ನೆರೆಯಬೇಕು; ದಾಸಿಯು ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸಬೇಕು; ಅಲ್ಲಿಂದ ಮುಂದೆ ಅವನೊಡನೆ ಮಾತಿಲ್ಲ, ಪಂಕ್ತಿಯಿಲ್ಲ, ಆಸ್ತಿಯಲ್ಲಿ ಪಾಲಿಲ್ಲ. ಕಠಿನವಾದ ವಿಧಿಯೇ ಸರಿ. ಆದರೆ ಗ್ರಂಥವು ಅಲ್ಲಿಗೇ ನಿಲ್ಲುವುದಿಲ್ಲ. ಪ್ರಾಯಶ್ಚಿತ್ತ ಮಾಡಿಕೊಂಡು ಬಂದವನೊಡನೆ ಬಂಧುಗಳೆಲ್ಲರೂ ಪುಣ್ಯಜಲದಲ್ಲಿ ಮಿಂದು ಹೊಸ ಕೊಡವೊಂದನ್ನು ನೀರಿಗೆ ಎಸೆಯಬೇಕೆಂದು ಅದೇ ಅಧ್ಯಾಯವು ಹೇಳುವುದು. ಪತಿತೆಯಾದ ಹೆಂಗಸಿನ ವಿಷಯದಲ್ಲಿಯಂತೂ, ಅವಳಿಗೆ ಅನ್ನ ವಸ್ತ್ರಗಳನ್ನು ಕೊಡಬೇಕು, ಅವಳು ಮನೆಯ ಸಮೀಪದಲ್ಲಿಯೇ ವಾಸಮಾಡಬೇಕು ಎಂಬ ಮಾತೂ ಉಂಟು. ನಮ್ಮ ಹಿರಿಯರಲ್ಲಿ ಹಲವರು ಮೊದಲನೆಯ ಕೊಡವನ್ನು ಚೆನ್ನಾಗಿ ನೆನಪಿಟ್ಟುಕೊಂಡರು. ಎರಡನೆಯ ಕೊಡವನ್ನು ಮರೆತರು.

ನಾವು ಮೂವತ್ತು ವರ್ಷ ಸಂಸ್ಕೃತದ ಪಾಠ ಹೇಳಿದವರು. ಆದರೂ ಈ ಶ್ಲೋಕಗಳು ನಮ್ಮ ಮನಸ್ಸನ್ನು ನಿಜವಾಗಿ ತಟ್ಟಿದುದು ಪುಸ್ತಕದಿಂದಲ್ಲ, ಒಂದು ಚಲಚ್ಚಿತ್ರದಿಂದ. ಅದು 1977ರಲ್ಲಿ ಗಿರೀಶ ಕಾಸರವಳ್ಳಿಯವರು ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ನಿರ್ಮಿಸಿದ ‘ಘಟಶ್ರಾದ್ಧ’.

ಕಾಸರವಳ್ಳಿಯವರು ನಮ್ಮ ಜಿಲ್ಲೆಯವರೇ. 1950ರ ಡಿಸೆಂಬರ್ 3ರಂದು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ ಜನಿಸಿದರು. ಹೆಗ್ಗೋಡಿನಲ್ಲಿ ನೀನಾಸಂ ಸಂಸ್ಥೆಯನ್ನು ಕಟ್ಟಿ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಪಡೆದ ಕೆ. ವಿ. ಸುಬ್ಬಣ್ಣನವರು ಇವರಿಗೆ ಸೋದರಮಾವ. ಇವರು ಮೊದಲು ಓದಿದುದು ಮಣಿಪಾಲದಲ್ಲಿ ಔಷಧ ತಯಾರಿಕೆಯ ಶಾಸ್ತ್ರವನ್ನು. ಅದನ್ನು ಬಿಟ್ಟು ಪುಣೆಯ ಚಲಚ್ಚಿತ್ರ ಶಿಕ್ಷಣಸಂಸ್ಥೆಯನ್ನು ಸೇರಿ 1975ರಲ್ಲಿ ತೇರ್ಗಡೆಯಾದರು. ಮಗನು ಔಷಧದಂಗಡಿಯಿಡುವನೆಂದು ಕಾದಿದ್ದ ಮನೆಯಲ್ಲಿ ಅವನು ಸಿನಿಮಾ ಮಾಡುವೆನೆಂದರೆ ಏನಾಗುವುದೆಂಬುದು ಗೃಹಸ್ಥರಾದ ವಾಚಕರಿಗೆ ತಿಳಿಯದುದಲ್ಲ! ಆದರೆ ಓದಲು ಹೋದವನು ಬೇರೊಬ್ಬನಾಗಿ ಹಿಂದಿರುಗುವುದು ನಮ್ಮ ಸೀಮೆಗೆ ಹೊಸತೇನೂ ಅಲ್ಲ. ನಮ್ಮೂರು ತಾಳಗುಂದದ ಪ್ರಣವೇಶ್ವರ ದೇವಾಲಯದೆದುರಿನ ಶಿಲಾಸ್ತಂಭದಲ್ಲಿ ಕುಬ್ಜಕವಿಯು ಬರೆದಿರುವುದು ಅಂಥದೇ ಕಥೆಯನ್ನು. ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕೆಂದು ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಮಯೂರಶರ್ಮನು ಅಲ್ಲಿ ಅವಮಾನಿತನಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿಯನ್ನು ಹಿಡಿದು ಕದಂಬ ರಾಜ್ಯವನ್ನು ಕಟ್ಟಿದನು.

ಪುಣೆಯಿಂದ ಬಂದ ಕಾಸರವಳ್ಳಿಯವರು ಬಿ. ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿ ದುಡಿದು, ಎರಡೇ ವರ್ಷಗಳಲ್ಲಿ ಸ್ವತಂತ್ರವಾಗಿ ‘ಘಟಶ್ರಾದ್ಧ’ವನ್ನು ಮಾಡಿದರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಕಾರಂತರ ಸಂಗೀತ, ಎಸ್. ರಾಮಚಂದ್ರರ ಛಾಯಾಗ್ರಹಣ, ಬಣ್ಣವಿಲ್ಲದ ಚಿತ್ರ. ಆ ವರ್ಷದ ಸ್ವರ್ಣಕಮಲವು ಅದಕ್ಕೇ ಸಂದಿತು.

ಕಥೆಯು ನಡೆಯುವುದು ಮಲೆನಾಡಿನ ಒಂದು ವೇದಪಾಠಶಾಲೆಯಲ್ಲಿ. ಉಡುಪರು ಗುರುಗಳು, ಅವರ ಮಗಳು ಯಮುನೆ ಎಳೆಯ ವಿಧವೆ. ಪಾಠಶಾಲೆಯ ಮಕ್ಕಳಿಗೆ ಅನ್ನ ಬೇಯಿಸುವವಳು ಅವಳೇ. ಹೊಸದಾಗಿ ಬಂದ ನಾಣಿಯೆಂಬ ಪುಟ್ಟ ಹುಡುಗನಿಗೆ ಅವಳೇ ತಾಯಿಯಂತೆ. ಊರಿನ ಶಾಲೆಯ ಉಪಾಧ್ಯಾಯನೊಬ್ಬನಿಂದ ಅವಳು ಗರ್ಭಿಣಿಯಾಗುವಳು. ಅವನು ಕೈಬಿಡುವನು. ಹುತ್ತದೊಳಗೆ ಕೈಯಿಟ್ಟು ಸಾಯಬಯಸುವ ಅವಳ ಬಳಿ ಇರುವವನು ಆ ಹುಡುಗನೊಬ್ಬನೇ. ಕಡೆಗೆ ತಂದೆಯೇ ಮಗಳ ಘಟಶ್ರಾದ್ಧವನ್ನು ಮಾಡುವರು. ಅತ್ತ ಆ ವೃದ್ಧ ತಂದೆಗೇ ಎಳೆಯ ಹುಡುಗಿಯೊಬ್ಬಳೊಡನೆ ಮದುವೆಯ ಮಾತೂ ನಡೆಯುವುದು. ಚಿತ್ರದಲ್ಲಿ ಯಾರೂ ಇದನ್ನು ಖಂಡಿಸಿ ಭಾಷಣ ಮಾಡುವುದಿಲ್ಲ. ಎಲ್ಲವನ್ನೂ ನಾವು ನಾಣಿಯ ಕಣ್ಣಿನಿಂದ ಕಾಣುವೆವು. ಅವನಿಗೆ ಶಾಸ್ತ್ರ ತಿಳಿಯದು. ಯಮುನಕ್ಕನು ಅಳುತ್ತಿರುವಳೆಂಬುದಷ್ಟೇ ತಿಳಿಯುವುದು.

ಹುಡುಗನ ಕಣ್ಣಿನಿಂದ ಲೋಕವನ್ನು ತೋರಿಸುವ ಕ್ರಮವು ಅನ್ಯದೇಶಗಳಲ್ಲಿಯೂ ಉಂಟು. ಫ್ರಾನ್ಸ್ ದೇಶದ ತ್ರೂಫೋ ಎಂಬ ನಿರ್ದೇಶಕನು 1959ರಲ್ಲಿ ಮಾಡಿದ ಚಿತ್ರದಲ್ಲಿ, ಮನೆಗೂ ಶಾಲೆಗೂ ಬೇಡವಾದ ಪ್ಯಾರಿಸಿನ ಬಾಲಕನೊಬ್ಬನು ಕಟ್ಟಕಡೆಗೆ ಕಡಲ ದಂಡೆಗೆ ಓಡಿಬಂದು ನಮ್ಮತ್ತ ತಿರುಗಿ ನಿಲ್ಲುವನು. ನಾಣಿಯು ತಂದೆಯೊಡನೆ ಊರಿಗೆ ಹೊರಟಾಗ ತಿರುಗಿ ನೋಡುವುದು ನಮ್ಮನ್ನಲ್ಲ. ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತ ಯಮುನೆಯನ್ನು. ಇದೇ ನಮ್ಮನ್ನು ಹೆಚ್ಚು ಕಾಡಿತು.

ನಮ್ಮ ಮನೆಯವರು ಈ ಚಿತ್ರವನ್ನು ನಮ್ಮೊಡನೆ ಕುಳಿತು ನೋಡಿದರು. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, “ಕೊಡ ಉರುಳಿಸಿ ಬಂದರು, ಸರಿ, ಆ ರಾತ್ರಿ ಅವರಿಗೆಲ್ಲ ಬಡಿಸಿದವರು ಯಾರು?” ಎಂದು ಕೇಳಿದರು. ಧರ್ಮಶಾಸ್ತ್ರದ ಯಾವ ವ್ಯಾಖ್ಯಾನಕಾರನೂ ಎತ್ತದ ಪ್ರಶ್ನೆಯಿದು.

ಕಾಸರವಳ್ಳಿಯವರ ಮುಂದಿನ ಚಿತ್ರಗಳೂ ಬಹುಮಟ್ಟಿಗೆ ಲೆಕ್ಕಕ್ಕೆ ಬಾರದವರ ಕಡೆಯಿಂದಲೇ ಮನೆಯನ್ನು ನೋಡಿದಂಥವು. 1986ರ ‘ತಬರನ ಕಥೆ’ಯು ಪೂರ್ಣಚಂದ್ರ ತೇಜಸ್ವಿಯವರ ಕಥೆ. ಸರಕಾರವನ್ನು ದೇವರೆಂದೇ ನಂಬಿ ದುಡಿದ ಕೆಳದರ್ಜೆಯ ನೌಕರನು ನಿವೃತ್ತಿವೇತನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವನು. ಅತ್ತ ಮಧುಮೇಹದಿಂದ ಹೆಂಡತಿಯ ಕಾಲು ಕೊಳೆಯುತ್ತಿರುವುದು. ಚಾರುಹಾಸನ್ ಅವರು ತಬರನಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ನಮ್ಮ ನಿವೃತ್ತಿಯ ಕಾಗದಗಳೂ ಒಂದು ಕಚೇರಿಯಲ್ಲಿ ಏಳು ತಿಂಗಳು ನಿದ್ದೆಮಾಡಿದ್ದುವು. ದೇವರ ದಯದಿಂದ ನಮ್ಮ ಮನೆಯಲ್ಲಿ ಆಗ ಯಾರಿಗೂ ಕಾಯಿಲೆಯಿರಲಿಲ್ಲ. ತಬರನಿಗೂ ನಮಗೂ ಇದ್ದ ಅಂತರ ಅಷ್ಟೇ ಎಂದು ಆ ಚಿತ್ರವನ್ನು ನೋಡುವಾಗ ತೋರಿತು.

2002ರ ‘ದ್ವೀಪ’ವು ಸಾಗರದ ನಾ. ಡಿಸೋಜರ ಕಾದಂಬರಿಯಿಂದ ಬಂದುದು. ಅಣೆಕಟ್ಟಿನ ನೀರು ಏರಿ ಊರೆಲ್ಲ ಬರಿದಾದಾಗ ಒಂದೇ ಕುಟುಂಬವು ಗುಡ್ಡದ ಮೇಲೆ ಉಳಿಯುವುದು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿ ಮನೆ ತೋಟಗಳನ್ನು ಕಳೆದುಕೊಂಡವರ ನಂಟರು ನಮ್ಮ ಜಿಲ್ಲೆಯ ಪ್ರತಿ ಊರಿನಲ್ಲಿಯೂ ಇರುವರಾದುದರಿಂದ ಈ ಕಥೆಯನ್ನು ನಮಗೆ ವಿವರಿಸಿ ಹೇಳಬೇಕಾದುದಿಲ್ಲ. ಮಳೆಗಾಲವೆಲ್ಲ ಮನೆಯನ್ನು ಎತ್ತಿ ಹಿಡಿಯುವವಳು ಸೊಸೆ ನಾಗಿ. ಗಂಡನು ಕಡೆಯಲ್ಲಿ ಎಲ್ಲವೂ ದೇವರ ಕೃಪೆಯೆನ್ನುವನು, ಅವಳ ಹೆಸರನ್ನೆತ್ತುವುದಿಲ್ಲ. ನಾಗಿಯಾಗಿ ನಟಿಸಿದ ಸೌಂದರ್ಯ ಅವರೇ ಚಿತ್ರವನ್ನು ನಿರ್ಮಿಸಿದರು. ಎರಡು ವರ್ಷಗಳೊಳಗಾಗಿ ಆ ಹೆಣ್ಣುಮಗಳು ತೀರಿಹೋದಳು.

ಈ ಮೂರಕ್ಕೂ, 1997ರ ‘ತಾಯಿ ಸಾಹೇಬ’ಕ್ಕೂ ಸೇರಿ ನಾಲ್ಕು ಸಲ ಸ್ವರ್ಣಕಮಲವು ಒಬ್ಬರಿಗೇ ಬಂದಿತು. 2011ರಲ್ಲಿ ಪದ್ಮಶ್ರೀಯೂ ದೊರೆಯಿತು. ಅವರ ಪತ್ನಿ, ರಂಗಭೂಮಿಯ ನಟಿ ವೈಶಾಲಿಯವರು ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಇವರ ಚಿತ್ರಗಳು ನಿಧಾನವೆಂದು ಆಕ್ಷೇಪಿಸುವವರುಂಟು. ನಿಧಾನವೇ ಹೌದು. ಒಲೆ ಹೊತ್ತಿಸುವುದಕ್ಕೂ ಬಾವಿಯಿಂದ ನೀರೆತ್ತುವುದಕ್ಕೂ ಹಿಡಿಯುವಷ್ಟು ಹೊತ್ತನ್ನು ಅವರು ಹಿಡಿಯುವರು. ಒಂದೆರಡು ಚಿತ್ರಗಳಲ್ಲಿ ಈ ಮೌನವು ಅತಿಯಾಯಿತೆಂದು ನಮಗೂ ಅನ್ನಿಸಿದೆ. ‘ಘಟಶ್ರಾದ್ಧ’ದಲ್ಲಿ ಒಂದು ಕ್ಷಣವೂ ಹಾಗನ್ನಿಸಲಿಲ್ಲ.

ಸವೆದುಹೋಗುತ್ತಿದ್ದ ಆ ಚಿತ್ರವನ್ನು ಜೀರ್ಣೋದ್ಧಾರಮಾಡಿ 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿಸಿದರು. ಮನೆಮಂದಿಯೊಡನೆ ಇವರ ಚಿತ್ರಗಳನ್ನು ನೋಡಬಯಸುವವರು ‘ದ್ವೀಪ’ದಿಂದ ಆರಂಭಿಸುವುದು ಲೇಸು, ಅದರಲ್ಲಿ ಮಳೆಯಿರುವುದು, ಮಕ್ಕಳೂ ಕುಳಿತು ನೋಡುವರು. ಆಮೇಲೆ ‘ಕೂರ್ಮಾವತಾರ’, ಗಾಂಧಿಯ ಪಾತ್ರಕ್ಕೆ ಸಿಕ್ಕಿಬೀಳುವ ಗುಮಾಸ್ತನಾಗಿ ಅದರಲ್ಲಿ ಶಿಕಾರಿಪುರ ಕೃಷ್ಣಮೂರ್ತಿಯವರು ನಟಿಸಿರುವರು. ‘ಘಟಶ್ರಾದ್ಧ’ವನ್ನು ಮಾತ್ರ ಮರುದಿನ ಕೆಲಸವಿಲ್ಲದ ರಾತ್ರಿಗೆ ಇಟ್ಟುಕೊಳ್ಳಬೇಕು.