ಜೆಪಾರಾದ ಬಾಗಿಲು ಬೇಡ ಕಣೋ

ಸೆಮಾರಾಂಗ್, ಮಧ್ಯ ಜಾವಾ

ಪ್ರೀತಿಯ ರಾಘು,

ಮನೆಯ ನಕ್ಷೆ ಬಂತು. ನೀನೂ ವೀಣಾನೂ ಕೂತು ಬರೆದ ಪಟ್ಟಿಯೂ ಬಂತು. ಹೆಬ್ಬಾಗಿಲು, ದೇವರ ಕೋಣೆಯ ಬಾಗಿಲು, ಊಟದ ಮೇಜು, ಎರಡು ಬೆಂಚು, ಕೊನೆಗೆ "ಸಾಧ್ಯವಾದರೆ" ಅಂತ ಒಂದು ಉಯ್ಯಾಲೆ ಮಣೆ. ಎಲ್ಲ ಹಳೇ ತೇಗದ್ದೇ ಆಗಬೇಕು, ಎಲ್ಲ ಜಾವಾದಿಂದಲೇ ಬರಬೇಕು! ಉತ್ತರ ಮೊದಲೇ ಹೇಳಿಬಿಡ್ತೀನಿ, ಬೈಯೋದಿದ್ದರೆ ಪೂರ್ತಿ ಓದಿ ಆಮೇಲೆ ಬೈ. ಮೇಜು, ಬೆಂಚು ಕಳಿಸ್ತೀನಿ. ಬಾಗಿಲು ಕಳಿಸೋಲ್ಲ. ಮಣೆ ಊರಲ್ಲೇ ಮಾಡಿಸಿಕೋ, ಒಂದು ಹಲಗೆಗೆ ಸಮುದ್ರ ದಾಟೋ ಯೋಗ ಯಾಕೆ?

ನೋಡದೆ ಹೇಳ್ತಿಲ್ಲ. ನಿನ್ನ ಭಾವನನ್ನ ಎಬ್ಬಿಸಿಕೊಂಡು ಭಾನುವಾರ ಜೆಪಾರಾಕ್ಕೆ ಹೋಗಿದ್ದೆ, ಇಲ್ಲಿಂದ ಎರಡು ತಾಸಿನ ದಾರಿ. ಹೆಣ್ಣುಮಕ್ಕಳ ಓದಿಗಾಗಿ ದನಿಯೆತ್ತಿದ ಕಾರ್ತಿನಿ 1879ರಲ್ಲಿ ಹುಟ್ಟಿದ ಊರು ಅದು. ಬದುಕಿದ್ದು ಇಪ್ಪತ್ತೈದೇ ವರ್ಷ. ಅಷ್ಟರೊಳಗೆ ಜೆಪಾರಾದ ಕೆತ್ತನೆಯವರ ಕೆಲಸಕ್ಕೆ ಡಚ್ಚರಲ್ಲಿ ಗಿರಾಕಿ ಹುಡುಕಿಕೊಟ್ಟಿದ್ದಳು. ಇವತ್ತೂ ಆ ಊರಿಗೆ ಊರೇ ಮರದ ಕೆಲಸದಲ್ಲಿ ಬದುಕ್ತದೆ. ರಸ್ತೆಯ ಎರಡೂ ಕಡೆ ಕುರ್ಚಿ, ಮಂಚ, ಕಪಾಟು. ಒಳಗಿನ ಗಲ್ಲಿಗಳಲ್ಲಿ ಉಳಿಯ ಸದ್ದು. ನಿನಗೆ ಬೇಕಾದದ್ದು ಇರೋದು ಮಾತ್ರ ಅಂಗಡಿಗಳಲ್ಲಲ್ಲ, ಅವುಗಳ ಹಿಂದಿನ ಅಡ್ಡೆಗಳಲ್ಲಿ. ಅಲ್ಲಿ ಮುರಿದ ಮನೆಗಳ ನಾಟಾ ರಾಶಿ ಹಾಕಿರ್ತಾರೆ. ಕಂಬ, ತೊಲೆ, ಜಂತಿ, ದಾರಂದ, ಹಳೇ ರೈಲಿನ ಸ್ಲೀಪರು. ಈ ದೇಶದ ಮೊದಲ ರೈಲು 1867ರಲ್ಲಿ ಹೊರಟಿದ್ದೇ ನಮ್ಮ ಸೆಮಾರಾಂಗಿನಿಂದ. ಆ ರೈಲು ಕಂಪನಿಯ ಕಚೇರಿ ಇವತ್ತಿಗೂ ಪೇಟೆಯ ನಡುವೆ ನಿಂತಿದೆ. ಬಾಗಿಲುಗಳು ಅಷ್ಟೊಂದು ಇರೋದರಿಂದ ಜನ ಅದಕ್ಕೆ ಲವಾಂಗ್ ಸೆವು, ಸಾವಿರ ಬಾಗಿಲು, ಅಂತಲೇ ಕರೀತಾರೆ. ಬಾಗಿಲು ನೋಡೋ ಆಸೆಯಿದ್ದರೆ ಬಾ, ಟಿಕೆಟ್ ತೆಗೆದು ತೋರಿಸ್ತೀನಿ.

ಇಷ್ಟು ಹಳೇ ತೇಗ ಎಲ್ಲಿಂದ ಬಂತು ಅಂತ ಕೇಳಿದ್ದೆಯಲ್ಲ. ಇಲ್ಲಿಂದ ಪೂರ್ವಕ್ಕೆ ಬ್ಲೋರಾ, ಚೆಪು ಕಡೆ ಹೋದರೆ ತೇಗದ ಕಾಡು. ಡಚ್ಚರು ಹಡಗಿಗಾಗಿ ಮನಸ್ಸಿಗೆ ಬಂದಷ್ಟು ಕಡಿದು, ಆಮೇಲೆ ಸಾಲು ಹಿಡಿದು ನೆಟ್ಟು ಬೆಳೆಸಿದ್ದು. ಈಗ ಸರ್ಕಾರದ ಪರ್ಹುತಾನಿ ಅನ್ನೋ ಸಂಸ್ಥೆ ನೋಡಿಕೊಳ್ಳುತ್ತೆ. ಆ ಕಾಲಕ್ಕೆ ಹಳ್ಳಿಯವರೂ ತೇಗದಲ್ಲೇ ಮನೆ ಕಟ್ಟಿಕೊಂಡರು. ಈಗ ಅವರ ಮೊಮ್ಮಕ್ಕಳಿಗೆ ಇಟ್ಟಿಗೆ, ಸಿಮೆಂಟಿನ ಮನೆ ಬೇಕು. ನಮ್ಮ ಕಡೆಯ ಹಾಗೇ. ಇದರ ಮೇಲೆ 2006ರ ಮೇ 27ರಂದು ಯೋಗ್ಯಕರ್ತಾದ ಕಡೆ ಭೂಕಂಪ ಆಯಿತು. ಆಮೇಲೆ ಎಷ್ಟೋ ಜನ ಜೋಗ್ಲೋ ಮನೆಯನ್ನ ಮತ್ತೆ ಎತ್ತಿ ನಿಲ್ಲಿಸೋಕೆ ದುಡ್ಡಿಲ್ಲದೆ ಮಾರಿದರು. ನಾಲ್ಕು ನಡುಗಂಬದ ಮೇಲೆ ಎತ್ತರದ ಮಾಡು ಹೊತ್ತಿರೋ ಮನೆ ಅದು. ಮೊಳೆಯಿಲ್ಲದೆ ಕೂಡು ಹಾಕಿ ಕಟ್ಟಿರ್ತಾರೆ, ಹಾಗಾಗಿ ಬಿಚ್ಚೋದೂ ಸಲೀಸು, ಹಡಗು ಹತ್ತಿಸೋದೂ ಸಲೀಸು.

ನೀನು ಫೋಟೊ ಕಳಿಸಿದ್ದು ಗೆಬ್ಯೋಕ್‌ದು. ಅದು ಬಾಗಿಲಷ್ಟೇ ಅಲ್ಲ ಕಣೋ, ಮನೆಯ ನಡುವಿನ ಮರದ ಗೋಡೆ. ಬಾಗಿಲು ಅದರಲ್ಲಿ ಒಂದು ಭಾಗ. ಕುದುಸ್, ಜೆಪಾರಾದವರು ಇಂಚು ಬಿಡದೆ ಬಳ್ಳಿ, ಹೂವು ಕೆತ್ತಿದ್ದಾರೆ. ಒಂದರ ಮುಂದೆ ನಿಂತವಳು ಭಾವ ಕೂಗಿದರೂ ಕದಲಲಿಲ್ಲ, ಅಷ್ಟು ಚಂದ. ಆಮೇಲೆ ಟೇಪು ಹಿಡಿದೆ. ಅಗಲ ಒಂಬತ್ತು ಅಡಿಯ ಮೇಲೆ, ಬಾಗಿಲಿನ ಎತ್ತರ ಐದೂವರೆ. ನಿನ್ನ ನಕ್ಷೆಯಲ್ಲಿ ಮೂರೂವರೆಗೆ ಏಳು. ಇದನ್ನ ಹೊಂದಿಸೋಕೆ ಕೆತ್ತನೆ ಕೊಯ್ಯಬೇಕು, ಇಲ್ಲಾ ಗೋಡೆ ಒಡೆಯಬೇಕು. ಅಮ್ಮ ಆಯದ ಲೆಕ್ಕ ಹಿಡಿದು ಕೂತರೆ ಎರಡೂ ಆಗೋಲ್ಲ.

ಅಳತೆಯನ್ನ ಹೇಗೋ ಸುಧಾರಿಸಬಹುದು, ಕಾನೂನನ್ನ ಆಗೋಲ್ಲ. ಇಲ್ಲಿ 2010ರ ಕಾಯ್ದೆಯೊಂದಿದೆ. 50 ವರ್ಷ ದಾಟಿದ, ಚರಿತ್ರೆಯ ಮಹತ್ವ ಇರೋ ವಸ್ತುವನ್ನ ಪರಂಪರೆ ಅಂತ ಗುರುತಿಸಿದರೆ, ಅನುಮತಿ ಇಲ್ಲದೆ ದೇಶ ದಾಟಿಸೋ ಹಾಗಿಲ್ಲ. ಅಂಗಡಿಯವನು "ಏನೂ ಆಗೋಲ್ಲ ಅಮ್ಮಾ" ಅಂದ. ಏನಾದರೂ ಆದರೆ ಆಗೋದು ನನಗೆ ತಾನೇ? ಅತ್ತ ನಮ್ಮ ದೇಶದ ವಿದೇಶ ವ್ಯಾಪಾರ ನೀತಿಯೂ ಸುಮ್ಮನಿಲ್ಲ. ಯಂತ್ರೋಪಕರಣದಂಥ ಬಂಡವಾಳ ಸರಕು ಬಿಟ್ಟರೆ, ಬಳಸಿದ ಯಾವ ವಸ್ತು ತರಿಸೋಕೂ ಮೊದಲೇ ಪರವಾನಗಿ ಬೇಕು. ಕಿತ್ತು ತಂದ ಹಳೇ ಬಾಗಿಲು ಬಳಸಿದ ವಸ್ತು. ಹಳೇ ತೊಲೆ ಸೀಳಿ ಹೊಸದಾಗಿ ಮಾಡಿದ ಮೇಜು ಹೊಸ ಮೇಜು. ಅದಕ್ಕೇ ಮೇಜು ಕಳಿಸ್ತೀನಿ ಅಂದಿದ್ದು. ನಾವು ಗಂಟುಮೂಟೆ ಕಟ್ಟಿ ಊರಿಗೆ ಬರುವಾಗ ನಮ್ಮ ಮನೆಸಾಮಾನು ತರೋದು ಬೇರೆ ಲೆಕ್ಕ, ಆದರೆ ಹೆಬ್ಬಾಗಿಲನ್ನ ಮನೆಸಾಮಾನು ಅಂತ ಯಾವ ಅಧಿಕಾರಿಯೂ ನಂಬೋಲ್ಲ.

ಮರ ಆರಿಸಿದ್ದು ನಾನೇ. ಅಪ್ಪನ ಜೊತೆ ಡಿಪೋ ಹರಾಜಿಗೆ ಹೋಗಿದ್ದಕ್ಕೆ ಅಷ್ಟಾದರೂ ಬರುತ್ತೆ. ಹೊಸ ಎಳೇ ತೇಗಕ್ಕೆ ಬಣ್ಣ ಹೊಡೆದು, ಸರಪಳಿಯಲ್ಲಿ ಬಡಿದು, "ನೂರು ವರ್ಷದ್ದು" ಅಂತ ಮಾರೋರು ಇಲ್ಲೂ ಇದ್ದಾರೆ. ಅಂಥವರು ಮುಂಭಾಗಕ್ಕೆ ಮುದಿತನ ಬರಿಸ್ತಾರೆ, ಹಿಂಭಾಗಕ್ಕೆ ಬರಿಸೋ ತಾಳ್ಮೆ ಇರೋಲ್ಲ. ಹಾಗಾಗಿ ನಾನು ಹಲಗೆ ಮಗುಚಿ ನೋಡಿದೆ, ಕೂಡಿನ ತೂತಿನೊಳಗೆ ಟಾರ್ಚ್ ಬಿಟ್ಟೆ. ಹಳೇ ಮೊಳೆ ಇದ್ದ ಕಡೆ ಮರ ಕಪ್ಪಗೆ ಕಲೆಗಟ್ಟಿರಬೇಕು. ತುಕ್ಕೂ ಮರದ ಒಗರೂ ಸೇರಿದರೆ ಹಾಗಾಗುತ್ತೆ. ಅಂಚಿನಲ್ಲಿ ಬಿಳಿ ಮರ ಇದ್ದರೆ ಬೇಡ ಅಂದೆ. ತೇಗಕ್ಕೆ ಒರಲೆ ಹತ್ತೋಲ್ಲ ಅನ್ನೋದು ಅದರ ಕೆಚ್ಚಿಗೆ ಮಾತ್ರ ಸಲ್ಲೋ ಮಾತು, ಬಿಳಿ ಮರಕ್ಕೆ ಒರಲೆಯೂ ಹತ್ತುತ್ತೆ, ಕುಟ್ಟೆಯೂ ಹಿಡಿಯುತ್ತೆ. ಕೊಯ್ಯೋ ಮುಂಚೆ ಕಾರ್ಖಾನೆಯವರು ಲೋಹ ಪತ್ತೆ ಹಚ್ಚೋ ಯಂತ್ರ ಆಡಿಸ್ತಾರೆ. ಒಂದು ಮೊಳೆ ಉಳಿದರೂ ಗರಗಸದ ಅಲಗು ಹೋಯ್ತು.

ಇನ್ನು ಒಣಗಿಸೋ ವಿಚಾರ. ಹಳೇ ಮರ ತಾನೇ, ಒಣಗೇ ಇರುತ್ತೆ ಅಂದುಕೊಳ್ಳಬೇಡ. ಅಡ್ಡೆಯಲ್ಲಿ ಮಳೆಗೆ ಬಿದ್ದಿರೋ ತೊಲೆ ನೀರು ಕುಡಿದಿರುತ್ತೆ. ಗೂಡಿನಲ್ಲಿ ಒಣಗಿಸಿ, ತೇವ ನೂರಕ್ಕೆ 12ರ ಸುಮಾರಿಗೆ ಇಳಿದಿದ್ದನ್ನ ಮೀಟರಿನಲ್ಲಿ ತೋರಿಸಿದ ಮೇಲೇ ಮುಂಗಡ ಕೊಡ್ತೀನಿ ಅಂದಿದ್ದೀನಿ. ನಮ್ಮ ಮಳೆಗಾಲದಲ್ಲಿ ಮರ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಅದಕ್ಕೆ ಮೇಲ್ಹಲಗೆಯನ್ನ ಗೋಂದು ಹಾಕಿ ಬಿಗಿಯದೆ, ಮರ ಸ್ವಲ್ಪ ಸರಿದಾಡೋ ಹಾಗೆ ಕೂರಿಸೋಕೆ ಹೇಳಿದೆ.

ಸಾಗಣೆ ಲೆಕ್ಕ ವೀಣಾಗೆ ಓದಿ ಹೇಳು, ನಿನಗಿಂತ ಅವಳಿಗೆ ಬೇಗ ಅರ್ಥವಾಗುತ್ತೆ. ಇಡೀ ಕಂಟೇನರ್ ನಮಗೆ ಬೇಡ. 20 ಅಡಿಯದ್ದರಲ್ಲಿ 33 ಘನ ಮೀಟರ್ ಜಾಗ ಇರುತ್ತೆ. ಬೇರೆಯವರ ಸರಕಿನ ಜೊತೆ ಸೇರಿಸಿ ಕಳಿಸಿದರೆ ಘನ ಮೀಟರ್ ಲೆಕ್ಕದಲ್ಲಿ ಬಾಡಿಗೆ. ಆರಡಿ ಮೇಜನ್ನ ಕಾಲು ಸಮೇತ ಕಳಿಸಿದರೆ ಒಂದೂಕಾಲು ಘನ ಮೀಟರ್, ಕಾಲು ಬಿಚ್ಚಿ ಚಪ್ಪಟೆ ಕಟ್ಟಿದರೆ ಕಾಲು ಘನ ಮೀಟರ್. ಹಾಗಾಗಿ ಬೋಲ್ಟಿನ ಕಾಲು. ಹಡಗಿನ ಬಾಡಿಗೆ ಅಗ್ಗ ಅಂತ ಕುಣಿಯಬೇಡಿ, ನಮ್ಮ ಬಂದರಿಗೆ ಬಂದ ಮೇಲೆ ಇಳಿಸೋದು, ಬಿಡಿಸೋದು, ಗೋದಾಮು, ಏಜೆಂಟ್ ಅಂತ ಬರೋ ಬಿಲ್ಲೇ ಅದನ್ನ ಮೀರಿಸುತ್ತೆ. ಸುಂಕ, ಜಿಎಸ್‌ಟಿ ಬೇರೆ. ಆಸಿಯಾನ್ ಒಪ್ಪಂದದ ಮೂಲ ಪ್ರಮಾಣಪತ್ರ ಇದ್ದರೆ ಸುಂಕ ಇಳಿಯಬಹುದು, ಅದನ್ನ ಮಾರೋನ ಕೈಲೇ ಮಾಡಿಸ್ತೀನಿ. ಮರ ಎಲ್ಲಿಂದ ಬಂತು ಅನ್ನೋ ಕಾನೂನುಬದ್ಧತೆಯ ಕಾಗದವೂ ಅವನದೇ ಹೊಣೆ. ಹೊರಗಿನ ಪೆಟ್ಟಿಗೆಯ ಮರವನ್ನ ಒಳತನಕ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಹುಳು ಸತ್ತಿದ್ದಕ್ಕೆ ಗುರುತಾಗಿ ಗೋಧಿತೆನೆಯ ಮುದ್ರೆ ಒತ್ತಬೇಕು. ಮೇಜು ನೆಟ್ಟಗಿದ್ದು ಪೆಟ್ಟಿಗೆಗೆ ಮುದ್ರೆ ಇಲ್ಲದ್ದಕ್ಕೆ ಸರಕು ಬಂದರಲ್ಲಿ ಕೊಳೆತ ಕತೆ ಇಲ್ಲಿನ ನಮ್ಮವರ ಬಾಯಲ್ಲಿ ಕೇಳಿದ್ದೀನಿ. ಹಡಗು ಸೆಮಾರಾಂಗಿನ ತಾಂಜುಂಗ್ ಎಮಾಸ್ ಬಂದರಿನಿಂದ ಚೆನ್ನೈಗೆ. ಅಲ್ಲಿಂದ ಲಾರಿ.

ಬಾಗಿಲಿಗೆ ಏನು ಮಾಡೋದು ಅಂತೀಯ? ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಅಜ್ಜ ಮನೆ ಬಿಚ್ಚಿ, ಗಾಡಿ ಮೇಲೆ ಹೇರಿಕೊಂಡು ಬಂದ ಹೆಬ್ಬಾಗಿಲು ದೊಡ್ಡಪ್ಪನ ಮನೆ ಕೊಟ್ಟಿಗೆಯ ಅಟ್ಟದಲ್ಲಿದೆ. ಕಳೆದ ಸಲ ಬಂದಾಗ ಅದರ ಮೇಲೆ ಅಡಿಕೆ ಚೀಲ ಒಟ್ಟಿದ್ದರು. ಹೊನ್ನೆ ಮರ, ದಾರಂದ ಸಮೇತ ಇದೆ, ಅಗಳಿ ಮಾತ್ರ ಇಲ್ಲ. ದೊಡ್ಡಮ್ಮನ ಹತ್ತಿರ ನೀನೇ ಹೋಗಿ ಕೇಳು, ಫೋನಿನಲ್ಲಿ ಬೇಡ. ಕೊಡೋಲ್ಲ ಅಂದರೆ ಸಾಗರದ ಕಡೆ ಹಳೇ ಮನೆ ನಾಟಾ ಮಾರೋರಲ್ಲಿ ವಿಚಾರಿಸು. ಬೀಟೆ ಸಿಕ್ಕರೆ ಅರಣ್ಯ ಇಲಾಖೆಯ ಪಾಸ್ ಕೇಳದೆ ಗಾಡಿಗೆ ಏರಿಸಬೇಡ.

ಊಟದ ಕೋಣೆಯ ಉದ್ದ, ಅಗಲ, ಅದರ ಬಾಗಿಲ ಅಗಲ, ಮೂರನ್ನೂ ಬಡಗಿಯ ಕೈಲೇ ಅಳೆಸಿ, ಮಿಲಿಮೀಟರಿನಲ್ಲಿ ಈ ವಾರವೇ ಕಳಿಸು. ಅದು ಬಂದ ಮೇಲೇ ಇವರು ಮರ ಕೊಯ್ಯೋದು.

ನಿನ್ನ ಅಕ್ಕ