ಅಮ್ಮಮ್ಮನ ಉಪ್ಪಿನಕಾಯಿ ಮತ್ತು ನೋಟ್‌ಪ್ಯಾಡ್

ಆಫೀಸಿನಲ್ಲಿ ಏನೇನೋ ಎಡಿಟರ್‌ಗಳಲ್ಲಿ ಕೋಡ್ ಕುಟ್ಟಿದ್ರೂ ನನ್ನ ಸ್ವಂತದ ಟಿಪ್ಪಣಿಗಳೆಲ್ಲ ಇರೋದು ವಿಂಡೋಸ್ ಜೊತೆ ಬಿಟ್ಟಿ ಬರೋ ನೋಟ್‌ಪ್ಯಾಡಿನಲ್ಲೇ. ಪಿಯುಸಿಯಲ್ಲಿದ್ದಾಗ ಅಂಟಿದ ಚಟ. ಫೈಲಿನ ಮೊದಲ ಸಾಲಿನಲ್ಲಿ ಒಂದು ಚುಕ್ಕಿ, ಅದಕ್ಕಂಟಿಸಿ ಇಂಗ್ಲಿಷಿನ ದೊಡ್ಡಕ್ಷರದಲ್ಲಿ 'ಲಾಗ್' ಅಂತ ಬರೆದು ಉಳಿಸಿದ್ರೆ, ಆಮೇಲೆ ಆ ಫೈಲು ತೆಗೆದಾಗಲೆಲ್ಲ ಕೊನೆಯಲ್ಲಿ ಸಮಯ, ತಾರೀಖು ತಾನೇ ಬಂದು ಕೂರತ್ತೆ. ನಾವೇ ಹಾಕಬೇಕು ಅಂದ್ರೆ ಎಫ್ 5 ಒತ್ತಿದ್ರೆ ಆಯ್ತು. ಬಡವರ ಡೈರಿ!

2015ರ ಏಪ್ರಿಲ್ ರಜೆಯಲ್ಲಿ ಸಾಗರದ ಹತ್ತಿರದ ಅಜ್ಜನಮನೆಗೆ ಹೋಗಿದ್ದೆ. ಅಮ್ಮಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಹಾಕ್ತಿದ್ರು. ನಾನು ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು, ಅವರು ಹೇಳಿದ್ದನ್ನೆಲ್ಲ ಟೈಪ್ ಮಾಡಿದೆ. "ಬರ್ಕೊಂಡು ಎಂತ ಮಾಡ್ತೀಯಾ? ಅದು ಕೈಗೆ ಗೊತ್ತಾಗತ್ತೆ" ಅಂತ ನಕ್ಕರು. ಉಳಿಸುವಾಗ ಏನೋ ಎಚ್ಚರಿಕೆಯ ಡಬ್ಬಿ ಬಂತು. ಯಾರು ಓದ್ತಾರೆ ಅದನ್ನೆಲ್ಲ... ಓಕೆ ಒತ್ತಿದೆ. ಪರದೆ ಮೇಲೆ ಕನ್ನಡ ಚೆನ್ನಾಗೇ ಕಾಣ್ತಿತ್ತು.

2017ರಲ್ಲಿ ಅಮ್ಮಮ್ಮ ಹೋದರು. ಮರುವರ್ಷ ಮಿಡಿ ಕಾಲದಲ್ಲಿ ಅಮ್ಮ "ನೀ ಬರ್ಕೊಂಡಿದ್ಯಲ್ಲೋ, ತೆಗಿ" ಅಂದ್ಳು. ತೆಗೆದೆ. ಬರೀ ಪ್ರಶ್ನಾರ್ಥಕ ಚಿಹ್ನೆ.

ಆಗಿದ್ದು ಇಷ್ಟೇ. ಆ ಕಾಲದ ನೋಟ್‌ಪ್ಯಾಡ್ ತಾನಾಗೇ ಫೈಲನ್ನ 'ಆನ್ಸಿ'ಯಲ್ಲಿ ಉಳಿಸ್ತಿತ್ತು. ಅಕ್ಷರಕ್ಕೆ ಒಂದೇ ಬೈಟು, ಒಟ್ಟು 256 ಜಾಗ, ಅದರಲ್ಲಿ ಕನ್ನಡಕ್ಕೆ ಒಂದೂ ಇಲ್ಲ. ಗೊತ್ತಿಲ್ಲದ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಪ್ರಶ್ನೆ ಚಿಹ್ನೆ ಬರೆದುಬಿಡ್ತು. ಆ ಡಬ್ಬಿ ಹೇಳಿದ್ದು ಅದನ್ನೇ. ನುಡಿ, ಬರಹದ ಹಳೇ ಫಾಂಟಿನ ಫೈಲಾಗಿದ್ರೆ ಕನ್ವರ್ಟರ್ ಹಾಕಿ ವಾಪಸ್ ತರಬಹುದಿತ್ತು. ಅಲ್ಲಿ ಅಕ್ಷರ ವೇಷ ಹಾಕ್ಕೊಂಡಿರತ್ತೆ ಅಷ್ಟೇ. ಇಲ್ಲಿ ಅಕ್ಷರವೇ ಇಲ್ಲ. (2019ರ ವಿಂಡೋಸ್ 10 ಅಪ್‌ಡೇಟಿನಿಂದ ನೋಟ್‌ಪ್ಯಾಡ್ ತಾನೇ ಯುಟಿಎಫ್-8 ಆರಿಸ್ಕೊಳ್ಳತ್ತೆ. ನಾಲ್ಕು ವರ್ಷ ತಡವಾಯ್ತು ನನಗೆ.)

ಆದ್ರೆ ಅಂಕಿಗಳು ಇಂಗ್ಲಿಷಿನವು, ಉಳಿದಿದ್ವು. ಪದಗಳ ಉದ್ದವೂ.

100 ????? ????
2 ???? ?????
1 ???? ?????
1 ???? ??????

ಮೊದಲನೆಯದು ಸುಲಭ, ಅಪ್ಪೆ ಮಿಡಿ. ಯೂನಿಕೋಡಿನಲ್ಲಿ ಒತ್ತಕ್ಷರದ ಹಲಂತ, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ, ಹಾಗಾಗಿ ಅಪ್ಪೆಗೆ ಐದು, ಮಿಡಿಗೆ ನಾಲ್ಕು. ತೊಂದರೆ ಅಂದ್ರೆ ಉಪ್ಪಿಗೂ ಐದು, ಮೆಣಸಿಗೂ ಐದು. ಪಾವಿಗೂ ನಾಲ್ಕು, ಸೇರಿಗೂ ನಾಲ್ಕು! ಅಮ್ಮನೂ ನಾನೂ ಅಡುಗೆಮನೇಲಿ ಕೂತು ಬೆರಳು ಮಡಚಿ ಎಣಿಸಿದ್ವಿ. "ನೂರು ಮಿಡಿಗೆ ಎರಡು ಸೇರು ಉಪ್ಪು ಹಾಕಿದ್ರೆ ತಿನ್ನೋರು ಯಾರು, ಪಾವೇ ಇರ್ಬೇಕು" ಅಂದ್ಳು ಅಮ್ಮ. ಮೊದಲು ಉಪ್ಪು, ಆಮೇಲೆ ಮೆಣಸು. ಆರರದ್ದು ಸಾಸಿವೆ. ಹಾಗೇ ಹಾಕಿದ್ವಿ. ಚೆನ್ನಾಗೇ ಆಯ್ತು, ಆದ್ರೆ ಅಮ್ಮಮ್ಮಂದರ ಥರ ಅಲ್ಲ ಅಂತ ಅಮ್ಮ ಈಗಲೂ ಹೇಳ್ತಾಳೆ.

ಯಾಕಂದ್ರೆ ಕೊನೇ ಸಾಲು ಗೊತ್ತಾಗಿಲ್ಲ. ಏಳು ಪದ, ಒಂದೂ ಅಂಕಿ ಇಲ್ಲ. ಭರಣಿ ಬಾಯಿ ಕಟ್ಟೋ ವಿಷಯ ಅಂತಾಳೆ ಅಮ್ಮ. ನನಗೆ ಅವರು ನಕ್ಕಿದ್ದು ನೆನಪಿದೆ, ಹೇಳಿದ್ದು ನೆನಪಿಲ್ಲ.

ಅದಕ್ಕಿಂತ ಚುಚ್ಚೋದು ತಾರೀಖುಗಳು. ಮೊದಲನೆಯದು ಏಪ್ರಿಲ್ 2015. ಅದರ ಕೆಳಗಿನದೇ 2018. ನಡುವೆ ಒಂದೂ ಇಲ್ಲ. ಅಮ್ಮಮ್ಮ ಇದ್ದ ಎರಡು ವರ್ಷದಲ್ಲಿ ಒಂದು ಸಲ ತೆಗೆದು ನೋಡಿದ್ರೂ ಮತ್ತೆ ಕೇಳಿ ಬರ್ಕೋಬಹುದಿತ್ತು.

ಆ ಫೈಲನ್ನ ಅಳಿಸಿಲ್ಲ. ಪ್ರತಿವರ್ಷ ಮಿಡಿ ಬಂದಾಗ ತೆಗೀತೀನಿ. ಕೆಳಗೆ ಹೊಸ ತಾರೀಖು ಬೀಳತ್ತೆ. ಆ ಏಳು ಪದವನ್ನ ಇನ್ನೊಮ್ಮೆ ಎಣಿಸಿ ನೋಡ್ತೀನಿ.