ನೂರಕ್ಕೆ ಎರಡು

ಸನತ್‌ನಗರದ ನನ್ನ ಕೋಣೆಗೆ ರಾತ್ರಿಯೆಲ್ಲ ರೈಲಿನ ಸದ್ದು ಕೇಳುತ್ತದೆ. ಇದೇ ಹಳಿ ವಿಕಾರಾಬಾದ್, ತಾಂಡೂರು ದಾಟಿ ನಮ್ಮ ಸೇಡಂಗೆ ಹೋಗುತ್ತದೆ. ಪಾಳಿ ಮುಗಿಸಿ ಬಂದು ಮಲಗುವಾಗ, ಈಗ ಹೋದ ಗಾಡಿ ಊರಿಗೆ ಹೊರಟದ್ದೋ ಊರಿಂದ ಬಂದದ್ದೋ ಎಂದು ಊಹಿಸುವುದು ನನ್ನ ಹಳೆಯ ಆಟ.

ಕ್ಯಾಟ್ ಪರೀಕ್ಷೆ ಬರೆಯಲು ಹೊರಟಾಗ ನನಗೆ ಇಪ್ಪತ್ತಾರು. ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನಾದ್ದರಿಂದ ಇಂಗ್ಲಿಷ್ ಭಾಗದ ಬಗ್ಗೆ ಎಲ್ಲರೂ ಹೆದರಿಸಿದ್ದರು. ಕೈಕೊಟ್ಟದ್ದು ಗಣಿತ. 22 ಪ್ರಶ್ನೆ, 40 ನಿಮಿಷ. ಸರಿಯುತ್ತರಕ್ಕೆ 3 ಅಂಕ. ಆಯ್ಕೆಗಳಿರುವ ಪ್ರಶ್ನೆ ತಪ್ಪಾದರೆ 1 ಅಂಕ ಕಡಿತ. ನಾನು 18ಕ್ಕೆ ಕೈ ಹಾಕಿದೆ. 7 ಸರಿಯಾದವು. ತಪ್ಪಾದ 11ರಲ್ಲಿ 9ಕ್ಕೆ ಅಂಕ ಹೋಯಿತು. ಕೊನೆಗೆ ಉಳಿದದ್ದು 66ಕ್ಕೆ 12.

ಇನ್ನು ಕೋಚಿಂಗ್ ಸೇರದೆ ಗತಿಯಿಲ್ಲ ಅನ್ನಿಸಿತು. ಅಮೀರ್‌ಪೇಟೆ ಇಲ್ಲಿಂದ ಹತ್ತಿರವೇ. ಅಲ್ಲಿ ತಲೆ ಎತ್ತಿದಲ್ಲೆಲ್ಲ ಕೋಚಿಂಗ್ ಬೋರ್ಡುಗಳು. ಶುಲ್ಕಕ್ಕೆಂದು ಸಂಬಳದಲ್ಲಿ 35,000 ರೂಪಾಯಿ ಕೂಡಿಟ್ಟೆ. ಅಷ್ಟರಲ್ಲಿ ದೀಪಾವಳಿಗೆ ಊರಿಗೆ ಹೋದೆ.

ಬೋರ್‌ವೆಲ್ ಕೊರೆಸಲು ಅಪ್ಪ 40,000 ಸಾಲ ಮಾಡಿದ್ದು ನನಗೆ ಗೊತ್ತಿತ್ತು. ತೀರಿರಬಹುದು ಅಂದುಕೊಂಡಿದ್ದೆ. ಬಡ್ಡಿ ಎಷ್ಟೆಂದು ಕೇಳಿದೆ.

"ನೂರಕ್ಕ ಎರಡು. ಭಾಳೇನಿಲ್ಲ ಬಿಡು ತಮ್ಮಾ."

ಪುಸ್ತಕದ ಲೆಕ್ಕವಾಗಿದ್ದರೆ ಶೇಕಡಾ 2 ಎಂದು ಬರೆದು ಮುಂದೆ ಹೋಗುತ್ತಿದ್ದೆ. ಆದರೆ ನಮ್ಮ ಕಡೆ ನೂರಕ್ಕೆ ಎರಡು ಅಂದರೆ ತಿಂಗಳಿಗೆ. ವರ್ಷಕ್ಕೆ ಶೇಕಡಾ 24. ತಿಂಗಳಿಗೆ 800ರಂತೆ ಐದು ವರ್ಷಕ್ಕೆ ಅಪ್ಪ ಕಟ್ಟಿದ ಬಡ್ಡಿ 48,000. ಅಸಲು ಇನ್ನೂ ಹಾಗೇ ಇತ್ತು. ಮೂರನೇ ಸಲ ಗುಣಿಸಿ ನೋಡಿದರೂ ಅಷ್ಟೇ ಬಂತು. ಗೆಳೆಯನ ಹತ್ತಿರ 5,000 ಕೈಗಡ ಪಡೆದು, ನನ್ನ 35,000 ಸೇರಿಸಿ ಸಾಲ ತೀರಿಸಿದೆ. ಕೋಚಿಂಗ್ ಅಲ್ಲಿಗೆ ಮುಗಿಯಿತು.

ಹೈದರಾಬಾದಿಗೆ ಮರಳಿ ಹಳೆಯ ಮಾಕ್ ಟೆಸ್ಟ್‌ಗಳನ್ನು ತೆರೆದೆ. ಅಪ್ಪನ ಮಾತು ತಲೆಯಲ್ಲೇ ಇತ್ತು. 'ನೂರಕ್ಕೆ ಎರಡು' ಎಂಬುದರಲ್ಲಿ ಸುಳ್ಳೇನೂ ಇಲ್ಲ. ಎಷ್ಟು ದಿನಕ್ಕೆ ಎಂಬುದನ್ನು ನಾವು ಕೇಳುವುದಿಲ್ಲ, ಅಷ್ಟೇ. ನಾನು ಪರೀಕ್ಷೆಯಲ್ಲಿ ಮಾಡುತ್ತಿದ್ದುದೂ ಅದೇ ಇರಬಹುದೇ?

ನೋಟ್‌ಬುಕ್ಕಿನಲ್ಲಿ ಮೂರು ಸಾಲು ಎಳೆದು, ತಪ್ಪಾದ ಪ್ರತಿ ಲೆಕ್ಕವನ್ನು ಒಂದೊಂದರಲ್ಲಿ ಬರೆದೆ: ಬರುವುದೇ ಇಲ್ಲ, ಓದಿದ್ದು ತಪ್ಪು, ಅವಸರ. ತಿಂಗಳ ಕೊನೆಗೆ ನೋಡಿದರೆ ಮಧ್ಯದ ಸಾಲೇ ಉದ್ದ. ಲಾಭ ಕೊಂಡ ಬೆಲೆಯ ಮೇಲೋ ಮಾರಿದ ಬೆಲೆಯ ಮೇಲೋ ನೋಡಿರಲಿಲ್ಲ. 100 ರೂಪಾಯಿಯ ಬೆಲೆ ಶೇಕಡಾ 20 ಏರಿ, ಮತ್ತೆ ಶೇಕಡಾ 20 ಇಳಿದರೆ 100 ಅಲ್ಲ, 96. ಏಕೆಂದರೆ ಇಳಿಕೆ 120ರ ಮೇಲೆ. ಇದು ನನಗೆ ಗೊತ್ತಿದ್ದದ್ದೇ. ಇಂಗ್ಲಿಷಿನ ವಾಕ್ಯ ಉದ್ದವಾದಾಗ ಗೊತ್ತಿದ್ದದ್ದೂ ಮರೆಯಾಗುತ್ತಿತ್ತು.

ಅಂದಿನಿಂದ ಪ್ರತಿ ಪ್ರಶ್ನೆಯನ್ನೂ ಮೊದಲು ಕನ್ನಡದಲ್ಲಿ ಒಂದು ಸಾಲು ಮಾಡಿಕೊಂಡೆ. ಯಾವುದರ ಮೇಲೆ? ಎಷ್ಟು ಕಾಲಕ್ಕೆ? ಕೇಳಿದ್ದೇನು? ಆಮೇಲೆ ಪೆನ್ನು. ಮೊದಮೊದಲು ನಿಧಾನವಾಯಿತು. ಎರಡು ತಿಂಗಳಲ್ಲಿ ಬಾಯಿಗೆ ಬರುವ ಮೊದಲೇ ಮನಸ್ಸು ಮಾಡಿ ಮುಗಿಸುತ್ತಿತ್ತು. 'ಬರುವುದೇ ಇಲ್ಲ' ಎಂಬ ಸಾಲಿನಿಂದ ವಾರಕ್ಕೊಂದು ಪಾಠವನ್ನು ಮಾತ್ರ ಎತ್ತಿಕೊಂಡೆ. ಅವಸರಕ್ಕೆ ಮದ್ದು ಬಿಡುವುದನ್ನು ಕಲಿಯುವುದು: ಮೊದಲ ಸುತ್ತಿನಲ್ಲಿ ದಾರಿ ಕಂಡವನ್ನು ಮಾಡು, ಕಾಣದ್ದನ್ನು ದಾಟು, ಸಮಯ ಉಳಿದರೆ ತಿರುಗಿ ಬಾ. ಶಾಲೆಯಲ್ಲಿ ಒಂದನ್ನೂ ಬಿಡಬಾರದೆಂದು ಕಲಿತವನಿಗೆ ಗಣಿತಕ್ಕಿಂತ ಇದೇ ಕಷ್ಟವಾಯಿತು.

"ಲೆಕ್ಕಕ್ಕೂ ಕನ್ನಡವೇ?" ಎಂದು ತೆಲುಗಿನ ರೂಮ್‌ಮೇಟ್ ನಗುತ್ತಿದ್ದ. ನಮ್ಮ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿಯ ಲೆಕ್ಕಗಳೂ ಇವೆ. ಅದನ್ನು ಮುಂದೆ ತೆಲುಗಿಗೆ ತಂದವನು ಪಾವುಲೂರಿ ಮಲ್ಲನ. "ನಿಮ್ಮ ಮಲ್ಲನನೂ ಇದನ್ನೇ ಮಾಡಿದ್ದು" ಎಂದೆ. ಆಮೇಲೆ ಅವನು ನಗಲಿಲ್ಲ, ಚಹಾ ತಂದುಕೊಟ್ಟ.

ಎರಡನೇ ಸಲ 12 ಪ್ರಶ್ನೆ ಮಾತ್ರ ಮಾಡಿದೆ. 10 ಸರಿ, 2 ತಪ್ಪು, ಅಂಕ 28. ಉಳಿದ 10ನ್ನು ಮುಟ್ಟಲಿಲ್ಲ. ದೊಡ್ಡ ಐಐಎಂಗಳಿಂದ ಕರೆ ಬರಲಿಲ್ಲ. ಬೇರೆ ಎರಡು ಕಾಲೇಜುಗಳಿಂದ ಬಂತು, ಒಂದರಲ್ಲಿ ಸೀಟು ಸಿಕ್ಕಿತು.

ಶುಲ್ಕಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡಬೇಕು. ಮೊನ್ನೆ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

"ನೂರಕ್ಕ ಎಷ್ಟು?"

ಹೇಳಿದೆ.

"ತಿಂಗಳಿಗೇನು, ವರ್ಷಕ್ಕ?"